ಸ್ಟೆನ್ಸಿಲ್‌ನ ‘ಬ್ರಿಡ್ಜ್’ಗೆ ‘ಬದು’ ಅನ್ನಬಹುದಾ?

ಹಾಸನದಲ್ಲಿ ನಮ್ಮ ಗುಂಪಿನ ಕೆಲವರ ಮನೆಯಲ್ಲಿ ಕ್ರಿಕಟ್, ಸಿಲೂಯೆಟ್ ಥರದ ಕಟಿಂಗ್ ಮಷಿನ್ ಇದೆ. ಅದಕ್ಕೆ ಬೇಕಾದ ಎಸ್‌ವಿಜಿ ಫೈಲುಗಳನ್ನು (ಗೆರೆ-ಆಕಾರಗಳ ಚಿತ್ರದ ಫೈಲು) ನಾನು ಇಂಕ್‌ಸ್ಕೇಪ್ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಮಾಡಿಕೊಡುತ್ತೇನೆ. ಜಾಸ್ತಿ ಕನ್ನಡ ಅಕ್ಷರದವೇ: ಮನೆಯ ಹೆಸರು, ಗೃಹಪ್ರವೇಶದ ಬೋರ್ಡು, ಸ್ಟೆನ್ಸಿಲ್ ಅಂದರೆ ಪೇಂಟ್ ಬಳಿಯುವ ಅಚ್ಚು. ಫೈಲಿನ ಜೊತೆ ಕೊಡಲು ಕನ್ನಡದಲ್ಲಿ ಒಂದು ಸೂಚನೆ ಹಾಳೆ ಬರೆಯುತ್ತಿದ್ದೇನೆ, ಒಂದು ಪದದ ಹತ್ತಿರ ಬಂದು ನಿಂತಿದೆ.

‘ರ’ ತಗೊಳ್ಳಿ. ಸ್ಟೆನ್ಸಿಲ್‌ನಲ್ಲಿ ಅಕ್ಷರದ ಗೆರೆಯೇ ತೂತು ಅಲ್ವಾ, ಹಾಗಾಗಿ ಸುತ್ತು ಕತ್ತರಿಸಿದ ಕೂಡಲೇ ನಡುವಿನ ದುಂಡು ಕಳಚಿ ಬೀಳುತ್ತೆ. ಬಣ್ಣ ಬಳಿದರೆ ‘ರ’ ಹೋಗಿ ಉಂಡೆ ಮೂಡುತ್ತೆ. ಸೊನ್ನೆಯದೂ ಅದೇ ಪಾಡು. ‘ಠ’ ಇನ್ನೂ ಕಷ್ಟ: ಚುಕ್ಕೆ ಇರುವುದೇ ಆ ದುಂಡಿನೊಳಗೆ, ದುಂಡು ಬಿದ್ದರೆ ಚುಕ್ಕೆಯೂ ಹೋಯಿತು. ಅದಕ್ಕೇ ಒಳಗಿನ ತುಂಡು ಹೊರಗಿನ ಹಾಳೆಗೆ ಅಂಟಿಕೊಂಡಿರುವ ಹಾಗೆ ಒಂದು ಸಣ್ಣ ಪಟ್ಟಿ ಕತ್ತರಿಸದೆ ಬಿಡಬೇಕು. ಅಕ್ಷರವನ್ನು ಪಾತ್ (ಬರೀ ಗೆರೆಯ ಆಕಾರ) ಮಾಡಿ, ಅದರ ಮೇಲೆ ಅಡ್ಡಲಾಗಿ ತೆಳು ಆಯತವೊಂದನ್ನು ಇಟ್ಟು ‘ಡಿಫರೆನ್ಸ್’ (ಮೇಲಿನ ಆಕಾರದಷ್ಟನ್ನು ಕೆಳಗಿನದರಿಂದ ಕಳೆಯುವ ಆಯ್ಕೆ) ಕೊಟ್ಟರೆ ಪಟ್ಟಿ ಬರುತ್ತೆ. ತೀರಾ ತೆಳ್ಳಗಾದರೆ ಬ್ರಷ್ ತಾಗಿ ಹರಿಯುತ್ತೆ. ಈ ಪಟ್ಟಿಗೇ ಇಂಗ್ಲಿಷಿನವರು ಬ್ರಿಡ್ಜ್ ಅನ್ನುವುದು.

ಬೇರೆ ಪದಗಳು ಅಷ್ಟೇನೂ ಕಾಡಲಿಲ್ಲ. ವಿನೈಲ್‌ನಲ್ಲಿ (ಅಂಟಿಸುವ ಪ್ಲಾಸ್ಟಿಕ್ ಹಾಳೆ) ಬೇಡದ್ದನ್ನು ಕೀಳುವುದಕ್ಕೆ ‘ಕಳೆ ಕೀಳುವುದು’ ಸರಿಹೋಗುತ್ತೆ. ‘ಅಮ್ಮ’ ಅಂತ ಕತ್ತರಿಸುವಾಗ ಮ ಒತ್ತು ಬೇರೆ ತುಂಡಾಗಿ ಬೀಳದ ಹಾಗೆ ಸೇರಿಸುವ ‘ವೆಲ್ಡ್’ಗೆ ‘ಬೆಸೆಯುವುದು’.

‘ಸೇತುವೆ’ ನನಗೆ ಹಿಡಿಸಲಿಲ್ಲ. ಸೇತುವೆ ಅಂದರೆ ಆಮೇಲೆ ಕಟ್ಟಿದ್ದು, ಇದು ಮೊದಲಿಂದ ಇದ್ದದ್ದನ್ನೇ ಉಳಿಸಿಕೊಳ್ಳುವುದು. ‘ಕೊಂಡಿ’ ಅಂದರೆ ಈಗ ಎಲ್ಲರಿಗೂ ವೆಬ್ ಲಿಂಕೇ ನೆನಪಾಗುತ್ತೆ. ಮೊನ್ನೆ ಅರಕಲಗೂಡು ಕಡೆಯ ಅಕ್ಕ ಒಬ್ಬರು ಸ್ಕ್ರೀನ್ ನೋಡುತ್ತಾ, “ಇಲ್ಲೊಂದು ಬದ ಬಿಡಮ್ಮ, ನಡು ಬೀಳಲ್ಲ” ಅಂದರು. ಬದ ಅಂದರೆ ಬದು, ಎರಡು ಹೊಲದ ಮಧ್ಯೆ ಉಳದೆ ಬಿಟ್ಟ ನೆಲ. ನನಗಂತೂ ಇದೇ ಪದ ಅನ್ನಿಸಿಬಿಟ್ಟಿದೆ. ಹೊಲ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೇಳಬೇಕಾದ್ದು ಇಷ್ಟು. ಹಾಳೆಯಲ್ಲಿ ‘ಬದು’ ಅಂತ ಬರೆಯಲಾ, ನಮ್ಮ ಕಡೆ ಆಡುವ ಹಾಗೆ ‘ಬದ’ ಅಂತಲೇ ಇಡಲಾ? ಕ್ರಿಯಾಪದ ‘ಬಿಡು’ ಸರಿಯಾ, ‘ಹಾಕು’ ಸರಿಯಾ? ಕತ್ತರಿಸುವಾಗ ಬಿಡುತ್ತೇವೆ ನಿಜ, ಆದರೆ ಫೈಲಿನಲ್ಲಿ ಅದನ್ನು ಕೈಯಾರೆ ಹಾಕುತ್ತೇವೆ.

ಇದಕ್ಕಿಂತ ಹಳೆಯ ಪದ ಇದ್ದರೆ ಅದನ್ನೇ ಬಳಸುವ ಆಸೆ. ಬೇಲೂರಿನ ಗುಡಿಯ ಜಾಲಂಧ್ರಗಳಲ್ಲಿ (ಕಲ್ಲಿನ ಜಾಲರಿ ಕಿಟಕಿ) ತೂತು ತೂತಿನ ನಡುವೆ ಉಳಿಸಿದ ಕಲ್ಲಿನ ಪಟ್ಟಿಯೂ ಇದೇ ಕೆಲಸ ಮಾಡುತ್ತೆ, ಅದಕ್ಕೆ ಶಿಲ್ಪಿಗಳು ಏನನ್ನುತ್ತಾರೆ? ಚಿಕ್ಕಮಗಳೂರು ಕಡೆ ಕಾಫಿ ಕ್ಯೂರಿಂಗ್‌ನಲ್ಲಿ ಕೆಲಸ ಮಾಡಿದ ಹಿರಿಯರು ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ಕೇಳಿ ನೋಡಿ, ಗೋಣಿಚೀಲಕ್ಕೆ ತಗಡಿನ ಅಚ್ಚಿಟ್ಟು ಮಾರ್ಕು ಹೊಡೆಯುತ್ತಿದ್ದವರು ಆ ಪಟ್ಟಿಗೆ ಏನಾದರೂ ಹೆಸರಿಟ್ಟಿದ್ದರಾ ಅಂತ.