ಕಾರಿನ ಸ್ಪೀಕರ್‌ಗೂ ಸಬ್‌ವೂಫರ್‌ಗೂ ಯಾವ ಆಂಪ್ಲಿಫೈಯರ್? – ಪ್ರಶ್ನೋತ್ತರ

ಪ್ರಶ್ನೆ (ಹಾಸನದ ಸದಸ್ಯರು): ನಮಸ್ಕಾರ ಸರ್. ನನ್ನದು 35 ಆಂಪಿಯರ್-ಅವರ್ ಬ್ಯಾಟರಿಯ ಸಣ್ಣ ಪೆಟ್ರೋಲ್ ಕಾರು. ಮುಂದಿನ ಬಾಗಿಲುಗಳಿಗೆ 60 ವಾಟ್ ಆರ್‌ಎಂಎಸ್‌ನ (ನಿರಂತರ ಶಕ್ತಿಯ ಅಳತೆ) ಆರೂವರೆ ಇಂಚಿನ ಕಾಂಪೊನೆಂಟ್ ಸ್ಪೀಕರ್‌ಗಳನ್ನೂ ಹಿಂದಕ್ಕೆ ಅದೇ ಅಳತೆಯ ಕೋಆಕ್ಸಿಯಲ್‌ಗಳನ್ನೂ ಡಿಕ್ಕಿಗೆ 300 ವಾಟ್ ಆರ್‌ಎಂಎಸ್‌ನ 12 ಇಂಚಿನ ಸಬ್‌ವೂಫರ್ ಒಂದನ್ನೂ ಕೊಂಡಿದ್ದೇನೆ. ವೂಫರ್‌ನಲ್ಲಿ ತಲಾ 4 ಓಮ್‌ನ ಎರಡು ಕಾಯಿಲ್‌ಗಳಿವೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ‘1800 ವಾಟ್’ ಎಂದು ಬರೆದಿರುವ ನಾಲ್ಕು ಚಾನೆಲ್‌ನ ಆಂಪ್ಲಿಫೈಯರ್ ತೋರಿಸಿ, ಎರಡು ಚಾನೆಲ್‌ಗಳನ್ನು ಮುಂದಿನ ಸ್ಪೀಕರ್‌ಗಳಿಗೆ ಕೊಟ್ಟು ಉಳಿದೆರಡನ್ನು ವೂಫರ್‌ಗೆ ಬ್ರಿಡ್ಜ್ ಮಾಡಿದರೆ (ಒಂದಾಗಿ ಜೋಡಿಸಿದರೆ) ಸಾಕು ಎಂದು ಹೇಳಿದರು. ಅದರ ಟರ್ಮಿನಲ್‌ಗಳ ಚಿತ್ರವನ್ನು ಜೊತೆಗೆ ಹಾಕಿದ್ದೇನೆ. ತೆಗೆದುಕೊಳ್ಳಬಹುದೇ?

ಉತ್ತರ: ಅಂಗಡಿಯವರು ಹೇಳಿದ ವಿಧಾನ ತಪ್ಪಲ್ಲ, ಎಷ್ಟೋ ಕಾರುಗಳಲ್ಲಿ ಹಾಗೆಯೇ ಮಾಡಲಾಗುತ್ತದೆ. ಆದರೆ ನೀವು ಕೊಂಡಿರುವ ವೂಫರ್‌ಗೆ ಅದು ಹೊಂದುವುದಿಲ್ಲ. 4 ಓಮ್‌ನ ಎರಡು ಕಾಯಿಲ್‌ಗಳನ್ನು ಪ್ಯಾರಲಲ್ ಆಗಿ ಸೇರಿಸಿದರೆ 2 ಓಮ್, ಸೀರೀಸ್ ಆಗಿ ಸೇರಿಸಿದರೆ 8 ಓಮ್ ಸಿಗುತ್ತದೆಯೇ ಹೊರತು, 4 ಓಮ್ ಯಾವ ರೀತಿಯಲ್ಲೂ ಸಿಗುವುದಿಲ್ಲ. ಸಾಮಾನ್ಯ ನಾಲ್ಕು ಚಾನೆಲ್ ಆಂಪ್ಲಿಫೈಯರ್‌ಗಳು ಬ್ರಿಡ್ಜ್ ಮಾಡಿದಾಗ 4 ಓಮ್‌ಗಿಂತ ಕಡಿಮೆಯ ಲೋಡ್ (ಓಮ್ ಕಡಿಮೆಯಾದಷ್ಟೂ ಎಳೆಯುವ ಕರೆಂಟ್ ಹೆಚ್ಚು) ತಡೆಯುವುದಿಲ್ಲ, ಏಕೆಂದರೆ ಬ್ರಿಡ್ಜ್‌ನಲ್ಲಿ ಪ್ರತಿಯೊಂದು ಚಾನೆಲ್ಲಿನ ಪಾಲಿಗೆ ಲೋಡಿನ ಅರ್ಧವಷ್ಟೇ ಬರುತ್ತದೆ. 2 ಓಮ್ ಕೊಟ್ಟರೆ ಒಂದೊಂದು ಚಾನೆಲ್‌ಗೂ 1 ಓಮ್ ಕೊಟ್ಟಂತಾಗಿ, ಬಾಸ್ ಜೋರಾದಾಗಲೆಲ್ಲ ಪ್ರೊಟೆಕ್ಷನ್ ದೀಪ ಹತ್ತಿ ಸದ್ದು ನಿಂತುಹೋಗುತ್ತದೆ. 8 ಓಮ್ ಕೊಟ್ಟರೆ ಅಪಾಯವೇನೂ ಇಲ್ಲ, ಆದರೆ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಈ ವೂಫರ್‌ಗೆ ಬೇಕಾಗಿರುವುದು 2 ಓಮ್‌ನಲ್ಲಿ 300 ವಾಟ್ ಆರ್‌ಎಂಎಸ್ ಕೊಡುವ ಪ್ರತ್ಯೇಕ ಕ್ಲಾಸ್-ಡಿ (ಶಾಖವಾಗಿ ಕಡಿಮೆ ಶಕ್ತಿ ಕಳೆಯುವ ಬಗೆಯ) ಮೊನೊಬ್ಲಾಕ್, ಅಂದರೆ ಒಂದೇ ಚಾನೆಲ್‌ನ ಆಂಪ್ಲಿಫೈಯರ್.

ಇನ್ನು ‘1800 ವಾಟ್’ ವಿಚಾರ. ನಿಮ್ಮ ಚಿತ್ರದಲ್ಲಿ ಪವರ್ ಟರ್ಮಿನಲ್ ಪಕ್ಕದಲ್ಲಿ ಹಸಿರು ಬಣ್ಣದ ಒಂದೇ ಒಂದು ಬ್ಲೇಡ್ ಫ್ಯೂಸ್ ಕಾಣುತ್ತಿದೆ. ಅದು 30 ಆಂಪಿಯರ್‌ನದು. ಎಂಜಿನ್ ಓಡುತ್ತಿರುವಾಗ ಸಿಗುವ 14.4 ವೋಲ್ಟ್‌ನಿಂದ ಗುಣಿಸಿದರೆ, ಆ ಪೆಟ್ಟಿಗೆಯೊಳಗೆ ನಿರಂತರವಾಗಿ ಹೋಗಬಲ್ಲ ಶಕ್ತಿಯೇ 432 ವಾಟ್. ಕ್ಲಾಸ್-ಎಬಿ ಆಂಪ್ಲಿಫೈಯರ್ ಅದರಲ್ಲಿ ಹೆಚ್ಚೆಂದರೆ 60 ಶೇಕಡದಷ್ಟನ್ನು ಸ್ಪೀಕರ್‌ಗೆ ದಾಟಿಸಿ ಉಳಿದದ್ದನ್ನು ಶಾಖವಾಗಿ ಹೊರಹಾಕುತ್ತದೆ. ಅಲ್ಲಿಗೆ ಒಟ್ಟು 260 ವಾಟ್, ಅಂದರೆ ಚಾನೆಲ್‌ಗೆ 65 ವಾಟ್ ಉಳಿಯಿತು. ಡಬ್ಬದ ಮೇಲಿನ ಅಂಕಿಗಿಂತ ಈ ಫ್ಯೂಸ್ ಪ್ರಾಮಾಣಿಕವಾದದ್ದು. ಹಾಗೆಂದು ಆ ಆಂಪ್ಲಿಫೈಯರ್ ಕೆಲಸಕ್ಕೆ ಬಾರದ್ದೇನಲ್ಲ. 65 ವಾಟ್ ಎಂಬುದು ನಿಮ್ಮ ನಾಲ್ಕು ಬಾಗಿಲುಗಳ ಸ್ಪೀಕರ್‌ಗಳಿಗೆ ಸರಿಯಾದ ಅಳತೆಯೇ ಆಗಿದೆ. 1800 ವಾಟ್‌ನ ಬೆಲೆ ಕೊಡದೆ, 65 ವಾಟ್‌ನ ನಾಲ್ಕು ಚಾನೆಲ್‌ಗೆ ಸಲ್ಲುವ ಬೆಲೆ ಕೊಟ್ಟು ತೆಗೆದುಕೊಳ್ಳಿ. ಬೇರೆ ಮಾದರಿಗಳನ್ನು ನೋಡುವುದಾದರೆ, ಸಿಇಎ-2006 (ಈಗಿನ ಹೆಸರು ಸಿಟಿಎ-2006) ಮಾನದಂಡದಂತೆ ಅಳೆದ ಅಂಕಿ ಇದೆಯೇ ಎಂದು ಗಮನಿಸಿ. ಅದರಲ್ಲಿ 14.4 ವೋಲ್ಟ್, 4 ಓಮ್, ವಿರೂಪ 1 ಶೇಕಡ ಮೀರದಂತೆ ಎಂಬ ಷರತ್ತುಗಳಿರುವುದರಿಂದ ಎರಡು ಕಂಪನಿಗಳ ಅಂಕಿಗಳನ್ನು ಹೋಲಿಸಲು ಸಾಧ್ಯವಾಗುತ್ತದೆ.

ಪ್ರಶ್ನೆ (ಮತ್ತೊಬ್ಬ ಸದಸ್ಯರು): ಸ್ಟೀರಿಯೊದ ಮೇಲೆಯೇ ‘50 ವಾಟ್ × 4’ ಎಂದು ಬರೆದಿರುವಾಗ ಬಾಗಿಲಿನ ಸ್ಪೀಕರ್‌ಗಳಿಗೆ 60 ವಾಟ್‌ನ ಆಂಪ್ಲಿಫೈಯರ್ ಏಕೆ ಬೇಕು?

ಉತ್ತರ: ಆ 50 ವಾಟ್ ಶುದ್ಧ ಸಂಗೀತದ ಅಳತೆಯಲ್ಲ. ವೋಲ್ಟೇಜ್ ಹೆಚ್ಚಿಸುವ ವ್ಯವಸ್ಥೆ ಇಲ್ಲದ ಸ್ಟೀರಿಯೊ 14.4 ವೋಲ್ಟ್‌ನಲ್ಲಿ 4 ಓಮ್ ಸ್ಪೀಕರ್‌ಗೆ ವಿರೂಪವಿಲ್ಲದೆ ಕೊಡಬಹುದಾದದ್ದು ಲೆಕ್ಕದ ಪ್ರಕಾರವೇ 26 ವಾಟ್; ಕಾರ್ಯತಃ 20 ವಾಟ್‌ನ ಆಸುಪಾಸು. ಅಲೆಯ ತುದಿಗಳೆಲ್ಲ ಕತ್ತರಿಸಿಹೋಗಿ ಚಪ್ಪಟೆಯಾದಾಗ, ಅಂದರೆ ಪೂರ್ತಿ ಕ್ಲಿಪ್ ಆದಾಗ, ಅದೇ ಸ್ಟೀರಿಯೊ 50 ವಾಟ್ ಮುಟ್ಟುತ್ತದೆ. ಟ್ವೀಟರ್‌ಗಳು (ತೀಕ್ಷ್ಣ ಸ್ವರಗಳ ಸಣ್ಣ ಸ್ಪೀಕರ್‌ಗಳು) ಸುಡುವುದು ಹೆಚ್ಚಾಗಿ ಇಂಥ ಹೊತ್ತಿನಲ್ಲಿಯೇ. ಶಕ್ತಿ ಎರಡರಷ್ಟಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಆದ್ದರಿಂದ 60 ವಾಟ್‌ನ ಆಂಪ್ಲಿಫೈಯರ್ ಹಾಕಿದೊಡನೆ ಸದ್ದು ಮೂರು ಪಟ್ಟು ಆಗುತ್ತದೆಂದು ನಿರೀಕ್ಷಿಸಬೇಡಿ. ಸದ್ದು ಏರಿಸಿದಾಗಲೂ ಹಾಡುವವರ ದನಿ ಒಡೆಯದಿರುವುದೇ ಅದರಿಂದಾಗುವ ಲಾಭ. ಹಿಂದಿನ ಸ್ಪೀಕರ್‌ಗಳನ್ನು ಸ್ಟೀರಿಯೊಗೇ ಬಿಟ್ಟು, ಮುಂದಿನವಕ್ಕೆ ಮಾತ್ರ ಎರಡು ಚಾನೆಲ್ ಕೊಟ್ಟು, ಮಿಕ್ಕ ಹಣದಲ್ಲಿ ಬಾಗಿಲುಗಳಿಗೆ ಕಂಪನ ತಗ್ಗಿಸುವ ಡ್ಯಾಂಪಿಂಗ್ ಶೀಟ್ ಹಾಕಿಸುವುದನ್ನೇ ನಾನು ಹೆಚ್ಚಿನವರಿಗೆ ಸೂಚಿಸುತ್ತೇನೆ.

ಪ್ರಶ್ನೆ (ಹಾಸನದ ಸದಸ್ಯರು): ಧನ್ಯವಾದಗಳು ಸರ್. ಹಾಗಾದರೆ ಮೊನೊಬ್ಲಾಕ್ ಸೇರಿ ಎರಡು ಆಂಪ್ಲಿಫೈಯರ್‌ಗಳಾಗುತ್ತವೆ. ಅಂಗಡಿಯವರು 8 ಗೇಜ್‌ನ (ಗೇಜ್ ಅಂಕಿ ಚಿಕ್ಕದಾದಷ್ಟೂ ವೈರು ದಪ್ಪ) ವೈರಿಂಗ್ ಕಿಟ್ ಸಾಕು, ಹೆಡ್‌ಲೈಟ್ ಮಂಕಾದರೆ ಕೆಪಾಸಿಟರ್ ಹಾಕಿದರಾಯಿತು ಎನ್ನುತ್ತಿದ್ದಾರೆ. ಬ್ಯಾಟರಿ ತಡೆಯುವುದೇ?

ಉತ್ತರ: ಮೊನೊಬ್ಲಾಕ್ 300 ವಾಟ್ ಕೊಡಲು ಸುಮಾರು 375 ವಾಟ್ ಎಳೆಯುತ್ತದೆ, ಏಕೆಂದರೆ ಕ್ಲಾಸ್-ಡಿ ಆದರೂ ಐದನೇ ಒಂದು ಭಾಗ ನಷ್ಟವಾಗುತ್ತದೆ. ಬಾಗಿಲುಗಳ ಆಂಪ್ಲಿಫೈಯರ್‌ನ 432 ವಾಟ್ ಸೇರಿಸಿದರೆ ಒಟ್ಟು 800 ವಾಟ್ ದಾಟುತ್ತದೆ, ಅಂದರೆ ಗರಿಷ್ಠ ಸದ್ದಿನಲ್ಲಿ 55ರಿಂದ 60 ಆಂಪಿಯರ್. ಸಂಗೀತ ಏರಿಳಿಯುವುದರಿಂದ ಸರಾಸರಿ ಬಳಕೆ ಇದರ ಮೂರನೇ ಒಂದು ಭಾಗವನ್ನೂ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಆದ್ದರಿಂದ ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಚಿಂತೆ ಬೇಡ. ಎಂಜಿನ್ ನಿಲ್ಲಿಸಿ ಜೋರಾಗಿ ಹಾಡು ಹಾಕಿಕೊಂಡು ಕೂರುವ ಅಭ್ಯಾಸವಿದ್ದರೆ ಮಾತ್ರ 35 ಆಂಪಿಯರ್-ಅವರ್ ಸಾಲದು.

ಆದರೆ ವೈರನ್ನು ಗರಿಷ್ಠಕ್ಕೇ ಲೆಕ್ಕ ಹಾಕಬೇಕು. ಬಾನೆಟ್‌ನಿಂದ ಡಿಕ್ಕಿಗೆ ಸುಮಾರು 5 ಮೀಟರ್ ಓಟವಿರುತ್ತದೆ. ಅಷ್ಟು ದೂರದಲ್ಲಿ 8 ಗೇಜ್‌ನ ಅಪ್ಪಟ ತಾಮ್ರದ ವೈರು 55 ಆಂಪಿಯರ್‌ಗೆ ಅರ್ಧ ವೋಲ್ಟ್‌ಗಿಂತ ಹೆಚ್ಚು ನುಂಗುತ್ತದೆ. 4 ಗೇಜ್ ಆದರೆ ಕಾಲು ವೋಲ್ಟ್‌ನೊಳಗೆ ಮುಗಿಯುತ್ತದೆ. ಅಗ್ಗದ ಕಿಟ್‌ಗಳಲ್ಲಿ ಬರುವುದು ತಾಮ್ರವೂ ಅಲ್ಲ, ತಾಮ್ರದ ಲೇಪವಿರುವ ಅಲ್ಯುಮಿನಿಯಂ. ಅದರ ರೋಧ ತಾಮ್ರದ ಒಂದೂವರೆ ಪಟ್ಟು. ವೈರಿನ ತುದಿಯಲ್ಲಿ ಒಂದೆರಡು ಎಳೆಗಳನ್ನು ಬ್ಲೇಡಿನಿಂದ ಕೆರೆದು ನೋಡಿ: ಒಳಗೆ ಬೆಳ್ಳಿಯಂತೆ ಹೊಳೆದರೆ ಬಹುತೇಕ ಅಲ್ಯುಮಿನಿಯಂ ಎಂದೇ ತಿಳಿಯಿರಿ. ತವರ ಲೇಪಿಸಿದ ತಾಮ್ರವೂ ಹೊರಗೆ ಬೆಳ್ಳಗಿರುತ್ತದೆ, ಆದರೆ ಕೆರೆದಾಗ ಒಳಗೆ ಕೆಂಪು ಕಾಣುತ್ತದೆ. 4 ಗೇಜ್‌ನ ತಾಮ್ರವನ್ನೇ ಹಾಕಿಸಿ, ಬ್ಯಾಟರಿಯಿಂದ 45 ಸೆಂಟಿಮೀಟರ್‌ನೊಳಗೆ 80 ಆಂಪಿಯರ್‌ನ ಮುಖ್ಯ ಫ್ಯೂಸ್ ಇರಲಿ. ಆ ಫ್ಯೂಸ್ ಇರುವುದು ಆಂಪ್ಲಿಫೈಯರ್‌ನ ರಕ್ಷಣೆಗಲ್ಲ. ವೈರು ಎಲ್ಲಾದರೂ ಉಜ್ಜಿ ಲೋಹದ ಮೈಗೆ ತಗುಲಿದರೆ ಕಾರಿಗೆ ಬೆಂಕಿ ಬೀಳದಿರಲೆಂದು. ಅರ್ತಿಂಗ್ ವೈರು ಅದೇ ದಪ್ಪದ್ದಾಗಿದ್ದು, ಅರ್ಧ ಮೀಟರ್‌ಗಿಂತ ಉದ್ದವಿರದೆ, ಬಣ್ಣ ಕೆರೆದ ಲೋಹಕ್ಕೆ ಬೋಲ್ಟ್ ಆಗಿರಲಿ. ಕೆಪಾಸಿಟರ್‌ನ ಹಣವನ್ನು ಈ ವೈರಿಗೆ ಹಾಕಿ.

ಪ್ರಶ್ನೆ (ಮಂಗಳೂರಿನ ಸದಸ್ಯರು): ನನ್ನ ಕಾರಿನಲ್ಲಿ ಕಂಪನಿಯದೇ ಟಚ್‌ಸ್ಕ್ರೀನ್ ಇದೆ, ಆರ್‌ಸಿಎ ಔಟ್‌ಪುಟ್ (ಆಂಪ್ಲಿಫೈಯರ್‌ಗೆ ಸಂಕೇತ ಕೊಡುವ ಜಾಕ್) ಇಲ್ಲ, ವಾರಂಟಿ ಇನ್ನೂ ಬಾಕಿಯಿದೆ. ಸ್ಟೀರಿಯೊ ಬದಲಿಸದೆ ಆಂಪ್ಲಿಫೈಯರ್ ಹಾಕಿಸಬಹುದೇ?

ಉತ್ತರ: ಹಾಕಿಸಬಹುದು. ಹೈ-ಲೆವೆಲ್ ಇನ್‌ಪುಟ್ ಇರುವ ಆಂಪ್ಲಿಫೈಯರ್ ಆರಿಸಿಕೊಂಡರೆ ಸ್ಪೀಕರ್‌ಗೆ ಹೋಗುವ ಸಂಕೇತವನ್ನೇ ಅದು ಪಡೆಯುತ್ತದೆ. ಅನೇಕ ಮಾದರಿಗಳು ಆ ಸಂಕೇತ ಬಂದೊಡನೆ ತಾವಾಗಿಯೇ ಆನ್ ಆಗುವುದರಿಂದ ರಿಮೋಟ್ ವೈರನ್ನು ಹುಡುಕುವ ಕಷ್ಟವೂ ತಪ್ಪುತ್ತದೆ. ಕಂಪನಿಯ ವೈರನ್ನು ಕತ್ತರಿಸಲು ಬಿಡಬೇಡಿ. ನಿಮ್ಮ ಮಾದರಿಗೆ ಹೊಂದುವ ಕಪ್ಲರ್ ತರಿಸಿ, ಮಧ್ಯದಲ್ಲಿ ಸೇರಿಸುವಂತೆ ಹೇಳಿ. ಒಂದು ತೊಡಕಿದೆ: ಕೆಲವು ಕಂಪನಿ ಸ್ಟೀರಿಯೊಗಳು ಸಣ್ಣ ಸ್ಪೀಕರ್‌ಗಳನ್ನು ಉಳಿಸಲೆಂದು ಸದ್ದು ಏರಿದಂತೆ ಬಾಸ್ ತಗ್ಗಿಸುತ್ತವೆ. ವೂಫರ್ ಹಾಕಿಸುವ ಯೋಚನೆಯಿದ್ದರೆ, ಬಾಸ್ ಸರಿದೂಗಿಸುವ ಡಿಎಸ್‌ಪಿ (ಸದ್ದನ್ನು ಡಿಜಿಟಲ್ ಆಗಿ ತಿದ್ದುವ ಚಿಪ್) ಒಳಗೊಂಡ ಆಂಪ್ಲಿಫೈಯರ್‌ಗೆ ಸ್ವಲ್ಪ ಹೆಚ್ಚು ಖರ್ಚು ಮಾಡುವುದು ಲೇಸು.

ಪ್ರಶ್ನೆ (ಹಾಸನದ ಸದಸ್ಯರು): ಕೊನೆಯದಾಗಿ, ಗೇನ್ ಎಷ್ಟಕ್ಕೆ ಇಡಬೇಕು?

ಉತ್ತರ: ಗೇನ್ ಎಂಬುದು ವಾಲ್ಯೂಮ್ ಅಲ್ಲ, ಸ್ಟೀರಿಯೊದಿಂದ ಬರುವ ವೋಲ್ಟೇಜಿಗೆ ಆಂಪ್ಲಿಫೈಯರನ್ನು ಹೊಂದಿಸುವ ತಿರುಪು. ವೂಫರ್ ವೈರನ್ನು ಕಳಚಿ, ಬಾಸ್ ಬೂಸ್ಟ್ ಸೊನ್ನೆಗಿಟ್ಟು, ಎಂಜಿನ್ ಓಡುತ್ತಿರುವಾಗ ಸ್ಟೀರಿಯೊವನ್ನು ಮುಕ್ಕಾಲು ವಾಲ್ಯೂಮ್‌ನಲ್ಲಿರಿಸಿ 50 ಹರ್ಟ್ಜ್‌ನ ಟೆಸ್ಟ್ ಟೋನ್ ಹಾಕಿ. ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಮೊನೊಬ್ಲಾಕ್‌ನ ಔಟ್‌ಪುಟ್ ಅಳೆಯುತ್ತಾ ಗೇನನ್ನು ನಿಧಾನವಾಗಿ ಏರಿಸಿ, 24.5 ವೋಲ್ಟ್ ಬಂದಾಗ ನಿಲ್ಲಿಸಿ. 2 ಓಮ್‌ಗೆ 300 ವಾಟ್ ಎಂದರೆ ಅದೇ ವೋಲ್ಟೇಜ್. ಬಾಗಿಲುಗಳ ಚಾನೆಲ್‌ಗಳಿಗೆ 1000 ಹರ್ಟ್ಜ್‌ನ ಟೋನ್, 15.5 ವೋಲ್ಟ್. ಬಳಿಕ ವೂಫರ್‌ನ ಲೋ-ಪಾಸ್ (ಕೆಳಸ್ವರ ಮಾತ್ರ ಬಿಡುವ) ಫಿಲ್ಟರನ್ನೂ ಬಾಗಿಲುಗಳ ಹೈ-ಪಾಸ್ (ಮೇಲಿನ ಸ್ವರ ಮಾತ್ರ ಬಿಡುವ) ಫಿಲ್ಟರನ್ನೂ 80 ಹರ್ಟ್ಜ್‌ಗೆ ಇಟ್ಟು, ವೂಫರ್ ಹೆಚ್ಚೆನಿಸಿದರೆ ಅದರ ಗೇನನ್ನು ಇಳಿಸಬಹುದು, ಏರಿಸಬಾರದು.