ಸಹಾಯ ಬೇಕು: ಡ್ರೈ ಹಾಪ್ ಆದ ಮೇಲೆ ಬಿಯರಲ್ಲಿ ಬೆಣ್ಣೆ ವಾಸನೆ

ಮೈಸೂರು, ಮಂಡ್ಯ ಕಡೆ ಬ್ರೂಯಿಂಗ್ ಕೆಲಸ ಗೊತ್ತಿರೋರು ದಯವಿಟ್ಟು ನೋಡಿ.

ಬಿಯರ್ ಹಗುರವಾದ ಸೆಷನ್ ಐಪಿಎ (ಆಲ್ಕೋಹಾಲ್ ಕಡಿಮೆ, ಹಾಪ್ ಘಮ ಜಾಸ್ತಿ ಇರೋ ಬಗೆ). ಶುರುವಿನ ಗ್ರಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ, ಸಕ್ಕರೆ ಹುದುಗಿದ ಹಾಗೆ ಇಳಿಯುತ್ತೆ) 1.040. 1.009ಕ್ಕೆ ನಿಂತಾಗ ಘಮಕ್ಕೆ ಅಂತ ಲೀಟರಿಗೆ 6 ಗ್ರಾಂ ಸಿಟ್ರಾ ತಳಿಯ ಹಾಪ್ ಹೂ ಹಾಕಿ (ಇದೇ ಡ್ರೈ ಹಾಪ್), 18 ಡಿಗ್ರಿಯಲ್ಲಿ ಮೂರು ದಿನ ಬಿಟ್ಟು, ತಣ್ಣಗೆ ಮಾಡಿದ್ದು. ಮೊದಲ ಗುಟುಕಿಗೆ ಮೋಸಂಬಿ ಸಿಪ್ಪೆ ಚಿವುಟಿದ ಹಾಗೆ ಘಮ, ಸಿಹಿ ಇಲ್ಲ, ಕಹಿ ಚೊಕ್ಕವಾಗಿದೆ. ಗ್ಲಾಸ್ ಸ್ವಲ್ಪ ಬೆಚ್ಚಗಾದರೆ ಮಾತ್ರ ಬೆಣ್ಣೆ ವಾಸನೆ ಏಳುತ್ತೆ, ನಾಲಿಗೆ ಮೇಲೆ ಜಿಡ್ಡು ಸವರಿದ ಹಾಗೆ. ಮೈಸೂರು ಪಾಕಿಗೆ ಚೆಂದ, ಇದಕ್ಕಲ್ಲ.

ಅನುಮಾನ ಹಾಪ್ ಕ್ರೀಪ್ ಮೇಲೆ. ಹಾಪಿನ ಕಿಣ್ವಗಳು ಯೀಸ್ಟ್ ತಿನ್ನಲಾಗದೆ ಉಳಿದ ಡೆಕ್ಸ್ಟ್ರಿನ್ ಒಡೆದು ಸಕ್ಕರೆ ಮಾಡ್ತವೆ, ಯೀಸ್ಟ್ ಮತ್ತೆ ಎದ್ದು ಕೆಲಸ ಮಾಡುತ್ತೆ, ಜೊತೆಗೆ ಡಯಾಸಿಟೈಲ್ (ಬೆಣ್ಣೆ ವಾಸನೆ ಕೊಡೋ ಅಂಶ) ಬರುತ್ತೆ. ಯೀಸ್ಟ್ ಅದನ್ನು ತಿಂದು ಮುಗಿಸೋದರೊಳಗೆ ಟ್ಯಾಂಕ್ ತಣ್ಣಗಾಗಿದೆ. ಗ್ರಾವಿಟಿ ಈಗ 1.006, ಅಂದ್ರೆ ಆಲ್ಕೋಹಾಲ್ ಸುಮಾರು 4.5%.

ಗ್ಯಾಸ್ ಬಿಟ್ಟ ಸ್ಯಾಂಪಲನ್ನು ಮುಚ್ಚಿ, 60 ಡಿಗ್ರಿ ನೀರಲ್ಲಿ 20 ನಿಮಿಷ ಇಟ್ಟು, ತಣಿಸಿ ಮೂಸಿದರೆ ವಾಸನೆ ಇನ್ನೂ ಜೋರು, ಅಂದ್ರೆ ಮುಂದೆ ಡಯಾಸಿಟೈಲ್ ಆಗೋ ಅಂಶ ಬಿಯರಲ್ಲಿ ಇನ್ನೂ ಉಳಿದಿದೆ. ಹಾಗಾಗಿ ಕೆಗ್‌ಗೆ ತುಂಬಿಲ್ಲ.

ಟ್ಯಾಂಕನ್ನು 20 ಡಿಗ್ರಿಗೆ ಏರಿಸಿ, ಜೋರಾಗಿ ಹುದುಗ್ತಿರೋ ಹೊಸ ವರ್ಟ್ (ಮಾಲ್ಟಿನ ಸಿಹಿ ರಸ) ಸೇರಿಸೋ ಯೋಚನೆ ಇದೆ, ಅದರ ಚುರುಕಾದ ಯೀಸ್ಟ್ ಡಯಾಸಿಟೈಲ್ ತಿನ್ನಲಿ ಅಂತ. ಎಷ್ಟು ಪ್ರಮಾಣ? ಸಿಟ್ರಾ ಘಮ ಎಷ್ಟು ಹೋಗುತ್ತೆ? ಮುಂದಿನ ಬ್ಯಾಚಿಗೆ ಕೇಳ್ತಿದ್ದೀನಿ, ಡಯಾಸಿಟೈಲ್ ಆಗದ ಹಾಗೆ ತಡೆಯೋ ಎಎಲ್‌ಡಿಸಿ ಕಿಣ್ವ ಬಳಸಿದವರು ಇದ್ದರೆ, ಡ್ರೈ ಹಾಪ್ ಜೊತೆಗೇ ಹಾಕಿದ್ರಾ, ಮೊದಲೇನಾ ಅಂತ ತಿಳಿಸಿ. ಬರೀ "ಇನ್ನೊಂದು ವಾರ ಬಿಡಿ" ಅನ್ನೋರು, ಯಾವ ಉಷ್ಣತೆಯಲ್ಲಿ ಅಂತಲೂ ಬರೀರಿ.