ವಂಶವಾಹಿಗೂ ಸಹವಾಸಕ್ಕೂ ಇರುವ ನಂಟಿಗೆ ಏನೆನ್ನೋಣ?

ಮಾನ್ಯರೇ,

ದಾವಣಗೆರೆಯ ಪಿಯು ವಿದ್ಯಾರ್ಥಿಗಳ ಪೋಷಕರಿಗಾಗಿ ಹದಿಹರೆಯದ ಕುಡಿತದ ಬಗ್ಗೆ ನಾಲ್ಕು ಪುಟದ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ವಂಶವಾಹಿ, ಆನುವಂಶಿಕ ಎಂಬ ಪದಗಳು ಪಠ್ಯಪುಸ್ತಕಗಳಿಂದಾಗಿ ರೂಢಿಯಲ್ಲಿವೆ. ತೊಡಕಾದದ್ದು ವಂಶವಾಹಿಗೂ ಸಾಮಾಜಿಕ ಪರಿಸರಕ್ಕೂ ಇರುವ ಸಂಬಂಧವನ್ನು ಹೆಸರಿಸುವಲ್ಲಿ.

ಮೊದಲ ಕರಡಿನಲ್ಲಿ ‘ಎರಡರ ಒಟ್ಟು ಪರಿಣಾಮ’ ಎಂದು ಬರೆದಿದ್ದೆ. ಅದನ್ನು ಓದಿದ ತಂದೆಯೊಬ್ಬರು, ‘ಹಂಗಾದ್ರೆ ಅರ್ಧ ನಮ್ಮ ರಕ್ತದ್ದು, ಅರ್ಧ ಅವನ ಗೆಳೆಯರದ್ದು ಅನ್ರಿ’ ಎಂದರು. ಮದ್ಯವ್ಯಸನದ ಆನುವಂಶೀಯತೆ ಸುಮಾರು ಶೇ. 50 ಎಂದು ಅವಳಿಗಳ ಅಧ್ಯಯನಗಳು ಹೇಳುವುದು ನಿಜ. ಆದರೆ ಅದು ಒಂದು ಜನಸಮುದಾಯದೊಳಗೆ ವ್ಯಕ್ತಿಯಿಂದ ವ್ಯಕ್ತಿಗೆ ಕಾಣುವ ವ್ಯತ್ಯಾಸದ ಲೆಕ್ಕವೇ ಹೊರತು, ಒಬ್ಬ ಹುಡುಗನ ಕುಡಿತವನ್ನು ಪಾಲು ಮಾಡುವ ತಕ್ಕಡಿಯಲ್ಲ. ಆ ಲೆಕ್ಕವೂ ಎಲ್ಲೆಡೆ ಒಂದೇ ಅಲ್ಲ. ಫಿನ್ಲೆಂಡಿನಲ್ಲಿ 16ರಿಂದ 18ರ ವಯಸ್ಸಿನ ಅವಳಿಗಳನ್ನು ಗಮನಿಸಿದಾಗ, ನಗರದ ಮಕ್ಕಳ ಕುಡಿತದಲ್ಲಿ ವಂಶವಾಹಿಯ ಪ್ರಭಾವ ಹೆಚ್ಚಾಗಿಯೂ ಹಳ್ಳಿಯ ಮಕ್ಕಳಲ್ಲಿ ಮನೆ ಮತ್ತು ನೆರೆಹೊರೆಯ ಪ್ರಭಾವ ಹೆಚ್ಚಾಗಿಯೂ ಕಂಡಿತು.

ಆ ತಂದೆಗೆ ಇದನ್ನು ತಿಳಿಸಲು ನೆರವಾದದ್ದು ಮೆಕ್ಕೆಜೋಳ. ಎರಡು ತಳಿಯ ಬೀಜವನ್ನು ಜಗಳೂರು ಸೀಮೆಯ ಮಳೆಯಾಶ್ರಿತ ಹೊಲದಲ್ಲಿ ಬಿತ್ತಿ, ಮಳೆ ಕೈಕೊಟ್ಟರೆ, ಎರಡರ ತೆನೆಯೂ ಒಂದೇ ರೀತಿ ಸೊರಗುತ್ತದೆ. ಅವೇ ಬೀಜಗಳಿಗೆ ಭದ್ರಾ ನಾಲೆಯ ನೀರು ಸಿಕ್ಕರೆ ತಳಿಯ ಗುಣ ಎದ್ದು ಕಾಣುತ್ತದೆ. ಬೀಜದ ಪಾಲೆಷ್ಟು, ನೀರಿನ ಪಾಲೆಷ್ಟು ಎಂದು ಅಲ್ಲಿ ಕೇಳುವಂತೆಯೇ ಇಲ್ಲ. ಅವರಿಗೆ ಕೂಡಲೇ ಅರ್ಥವಾಯಿತು. ಪದ ಮಾತ್ರ ನನಗೆ ಸಿಗಲಿಲ್ಲ.

‘ಅಂತರ್‌ಕ್ರಿಯೆ’ ರಸಾಯನಶಾಸ್ತ್ರದ ಪ್ರಯೋಗಾಲಯವನ್ನು ನೆನಪಿಸುತ್ತದೆ. ‘ಕೂಡುಪರಿಣಾಮ’ ಮತ್ತೆ ಮೊತ್ತದ ಲೆಕ್ಕಕ್ಕೇ ಎಳೆಯುತ್ತದೆ. ನಮ್ಮ ಕಡೆ ರೈತರು ಬೀಜ ನೆಲಕ್ಕೆ ‘ಒಗ್ಗಿತು’ ಎನ್ನುತ್ತಾರೆ, ಆದರೆ ಆ ಮಾತಿನಲ್ಲಿ ಮೆಚ್ಚುಗೆಯಿದೆ. ಕುಡಿತದ ಸಂದರ್ಭಕ್ಕೆ ಅದು ಸಲ್ಲದು. ‘ಪರಿಸರ’ ಎಂದೊಡನೆ ಓದುಗರು ಗಿಡಮರ, ಮಾಲಿನ್ಯ ಎಂದುಕೊಳ್ಳುತ್ತಾರೆ. ‘ಸಹವಾಸ’ಕ್ಕೋ, ‘ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ’ ಎಂಬ ಗಾದೆಯಿಂದಾಗಿ ದೋಷವೇ ಅಂಟಿಕೊಂಡುಬಿಟ್ಟಿದೆ.

ಸದ್ಯಕ್ಕೆ ‘ವಂಶವಾಹಿಯ ಪ್ರಭಾವವು ಸುತ್ತಲಿನ ಬದುಕಿಗೆ ತಕ್ಕಂತೆ ಏರಿಳಿಯುತ್ತದೆ’ ಎಂದು ವಾಕ್ಯವಾಗಿಯೇ ಬರೆದಿದ್ದೇನೆ. ಪದಕ್ಕಿಂತ ಇದೇ ಮೇಲೆಂದು ನನಗೂ ಅನ್ನಿಸುತ್ತಿದೆ, ಆದರೂ ಅಧ್ಯಾಯದ ತಲೆಬರಹಕ್ಕೆ ಒಂದು ನಾಮಪದ ಬೇಕಾಗಿದೆ. ನಿಮ್ಮ ಸೀಮೆಯ ಒಕ್ಕಲುತನದ ಮಾತಿನಲ್ಲಿ, ಹೊಗಳಿಕೆಯೂ ತೆಗಳಿಕೆಯೂ ಇಲ್ಲದೆ ಈ ಅರ್ಥವನ್ನು ಕೊಡುವ ಪದವಿದ್ದರೆ ದಯವಿಟ್ಟು ಬಳಕೆಯ ಒಂದು ವಾಕ್ಯದೊಡನೆ ತಿಳಿಸಿ.